ಒಂದನೇ ಸಾಲಿನಲ್ಲಿ ನಿಂತಿದ್ದೇನೆ

ಯಾರಾದರೂ ತಪ್ಪು ಮಾಡಿದರೆ ಸಾಕು, ಎಲೆಯ ಮೇಲೆ ಹೋಳಿಗೆ ಬಿದ್ದವರ ಹಾಗೆ ನಮ್ಮ ಭಾವನ ಮುಖ ಅರಳುತ್ತದೆ! ಅಕ್ಕನ ಗಂಡನ ಮೇಲೆ ಇವನು ಚಾಡಿ ಹೇಳಲು ಹೊರಟನೇ ಎಂದುಕೊಳ್ಳಬೇಡಿ. ಬೇರೆಯವರ ತಪ್ಪು ಕಂಡು ಖುಷಿಪಡುವವರು ನಮ್ಮ ನಂಟರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರೆಲ್ಲ ಆ ಸುದ್ದಿಯನ್ನು ಇನ್ನೊಬ್ಬರ ಕಿವಿಗೆ ದಾಟಿಸುವ ತನಕ ತುತ್ತು ಎತ್ತುವುದಿಲ್ಲ. ಭಾವ ಆ ಪೈಕಿಯವರಲ್ಲ. ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಕನ್ನಡಕ ಸರಿಮಾಡಿಕೊಂಡು, "ಎಲ್ಲಿ, ಇನ್ನೊಂದ್ಸಲ ಅದೇ ತಪ್ಪು ಮಾಡಿ, ನೋಡೋಣ" ಎನ್ನುತ್ತಾರೆ. ತಪ್ಪು ಮಾಡಿದವನು ಹೆದರಿ ಎರಡನೇ ಸಲ ಸರಿಯಾಗಿ ಮಾಡಿಬಿಟ್ಟರೆ ಅವರಿಗೆ ಊಟ ಸೇರುವುದಿಲ್ಲ.

ಭಾವ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದು ನಿವೃತ್ತರಾದವರು. ನಿವೃತ್ತರಾದವರು ಜೆ.ಪಿ. ನಗರದಲ್ಲಿ ಏನು ಮಾಡುತ್ತಾರೆ? ಪಾರ್ಕಿನಲ್ಲಿ ಸುತ್ತು ಹಾಕುತ್ತಾರೆ, ಬೆಂಚಿನ ಮೇಲೆ ಕುಳಿತು ದೇಶ ನಡೆಸುತ್ತಾರೆ, ಸಕ್ಕರೆ ಕಾಯಿಲೆಯ ಅಂಕಿಗಳನ್ನು ಹೋಲಿಸಿ ನೋಡುತ್ತಾರೆ. ಭಾವ ಇದ್ಯಾವುದನ್ನೂ ಮಾಡದೆ, ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಹೊಸದೊಂದು ಪ್ರೋಗ್ರಾಮಿಂಗ್ ಭಾಷೆ ಕಟ್ಟುತ್ತಿದ್ದಾರೆ. ಕನ್ನಡದಲ್ಲೇ ಬರೆಯಬಹುದಾದ ಭಾಷೆ. ಅದು ಏನೇನು ಮಾಡುತ್ತದೆ ಎಂದು ಕೇಳಬೇಡಿ. ಕೂಡುತ್ತದೆ, ಕಳೆಯುತ್ತದೆ, ಭಾಗಿಸುತ್ತದೆ, ಹೇಳಿದ್ದನ್ನು ಮತ್ತೆ ಮತ್ತೆ ಮಾಡುತ್ತದೆ. ಅಷ್ಟೇ. ಆದರೆ ತಪ್ಪಾದಾಗ ಅದು ಕೊಡುವ ಮೆಸೇಜು ಇದೆಯಲ್ಲ, ಅಂಥದ್ದು ಭೂಮಿಯ ಮೇಲೆ ಇನ್ನೊಂದಿಲ್ಲ. ಮನೆಗೆ ಇನ್ನೂ ಗೋಡೆ ಎದ್ದಿಲ್ಲ, ಗೇಟಿಗೆ ಮಾತ್ರ ಮೂರು ಕೋಟ್ ಬಣ್ಣ ಹೊಡೆದ ಹಾಗೆ!

ನಾನು ಕಂಪ್ಯೂಟರ್ ಕಲಿತವನಲ್ಲ. ಬನಶಂಕರಿಯಲ್ಲಿ ನನ್ನದೊಂದು ಸ್ಟೀಲ್ ಪಾತ್ರೆ ಅಂಗಡಿ ಇದೆ. ತಳ್ಳುಗಾಡಿಯಿಂದ ಶುರುಮಾಡಿ ಷಟರ್ ಎಳೆಯುವ ಮಟ್ಟಕ್ಕೆ ಬಂದವನು ನಾನು. ನನಗೆ ಗೊತ್ತಿರುವ ವಿದ್ಯೆ ಒಂದೇ, ಚೌಕಾಸಿ. ಮೆಟ್ಟಿಲಿಳಿದು ಹೋದ ಗಿರಾಕಿಗಳಲ್ಲಿ ಯಾರು ಪಕ್ಕದ ಅಂಗಡಿ ನೋಡಿಕೊಂಡು ವಾಪಸ್ ಬರುತ್ತಾರೆ, ಯಾರು ಬರುವುದಿಲ್ಲ ಎಂಬುದನ್ನು ಅವರ ಚಪ್ಪಲಿ ಸದ್ದಿನಲ್ಲೇ ಹೇಳಬಲ್ಲೆ. ಇಂಥವನಿಗೆ ಭಾವ ತಮ್ಮ ಭಾಷೆಯನ್ನು ತಿಳಿಸಿಕೊಟ್ಟದ್ದು ಅಡುಗೆಯ ಲೆಕ್ಕದಲ್ಲಿ. ಅಡುಗೆ ಪುಸ್ತಕವನ್ನು ಪೂರ್ತಿ ಓದಿ, ಸಾಮಾನೆಲ್ಲ ಹೊಂದಿಸಿಕೊಂಡು ಒಲೆ ಹಚ್ಚುವವರಿದ್ದಾರೆ. ಒಲೆ ಹಚ್ಚಿಟ್ಟು, ಒಂದು ಸಾಲು ಓದುವುದು, ಅಷ್ಟನ್ನು ಮಾಡುವುದು, ಮುಂದಿನ ಸಾಲು ಓದುವುದು, ಹೀಗೆ ಮಾಡುವವರೂ ಇದ್ದಾರೆ. ಭಾವನ ಭಾಷೆ ಎರಡನೆಯ ಪೈಕಿ. ಇದರಲ್ಲಿ ಎಡವಟ್ಟು ಗೊತ್ತಾಗುವುದು ಎಣ್ಣೆ ಕಾದ ಮೇಲೆ. ಸಾಸಿವೆ ಹಾಕು ಎಂದಿರುತ್ತದೆ, ಡಬ್ಬಿ ತೆಗೆದರೆ ಖಾಲಿ! ಆಗ ಅಡುಗೆಯವನು ಏನು ಕೂಗಿ ಹೇಳಬೇಕು ಎಂಬುದೇ ಭಾವನ ಜೀವನದ ಪ್ರಶ್ನೆ. "ಅಯ್ಯೋ ಕೆಟ್ಟೆ" ಎಂದರೆ ಯಾರಿಗೆ ಏನು ತಿಳಿಯಿತು? "ಒಗ್ಗರಣೆಯಲ್ಲಿ ನಿಂತಿದ್ದೀನಿ, ಸಾಸಿವೆ ಬೇಕಿತ್ತು, ಡಬ್ಬಿ ಖಾಲಿ ಇದೆ, ತಂದುಕೊಟ್ಟರೆ ಮುಂದುವರಿಸ್ತೀನಿ" ಎನ್ನಬೇಕು. ಎಲ್ಲಿ ನಿಂತಿತು, ಏನು ಬೇಕಿತ್ತು, ಏನು ಸಿಕ್ಕಿತು, ಈಗೇನು ಮಾಡಬೇಕು. ಈ ನಾಲ್ಕು ಹೇಳದ ಮೆಸೇಜು ಮೆಸೇಜೇ ಅಲ್ಲ, ಬರೀ ಕೂಗಾಟ ಎನ್ನುತ್ತಾರೆ ಭಾವ.

ಈ ನೇಮವನ್ನು ಅವರು ಕಂಪ್ಯೂಟರಿಗೆ ಮಾತ್ರ ಅನ್ವಯಿಸಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ.

ಅವರ ಮನೆ ಹತ್ತಿರದ ದರ್ಶಿನಿಯಲ್ಲಿ ಒಂದು ಬೆಳಿಗ್ಗೆ ಕ್ಯಾಷಿಯರು "ದೋಸೆ ಇಲ್ಲ" ಎಂದ. ನೀವು ನಾನು ಆಗಿದ್ದರೆ ಇಡ್ಲಿ ತಿಂದು ಬರುತ್ತಿದ್ದೆವು. ಭಾವ ಕೌಂಟರಿಗೆ ಮೊಣಕೈ ಊರಿ ವಿಚಾರಣೆಗೆ ನಿಂತರು. ಇಲ್ಲ ಎಂದರೆ ಹಿಟ್ಟು ಮುಗಿದಿದೆಯೋ, ಕಾವಲಿ ಕೆಟ್ಟಿದೆಯೋ, ದೋಸೆ ಹುಯ್ಯುವವನು ರಜೆಯೋ? ಹಿಟ್ಟು ಮುಗಿದಿದ್ದರೆ ಸಂಜೆ ಬರುತ್ತೇನೆ, ಕಾವಲಿ ಕೆಟ್ಟಿದ್ದರೆ ನಾಳೆ ಬರುತ್ತೇನೆ, ಮನುಷ್ಯ ಊರಿಗೆ ಹೋಗಿದ್ದರೆ ಹಬ್ಬ ಕಳೆದು ಬರುತ್ತೇನೆ. ಒಂದೇ "ಇಲ್ಲ"ದಲ್ಲಿ ಮೂರೂ ಸೇರಿಕೊಂಡರೆ ನಾನು ಏನು ಮಾಡಲಿ, ಎಂದರು. ಹಿಂದೆ ನಿಂತವರು ಗೊಣಗಿದರು. ನಾನು ಫೋನ್ ನೋಡುವವನ ಹಾಗೆ ಎರಡು ಹೆಜ್ಜೆ ದೂರ ಸರಿದೆ. ನಂಟಸ್ತಿಕೆಗೂ ಒಂದು ಮಿತಿ ಇರಬೇಕಲ್ಲ?

ಮುಂದಿನ ವಾರ ಹೋದರೆ ಕೌಂಟರಿನ ಮೇಲೆ ಒಂದು ಸ್ಲೇಟು! "ದೋಸೆ ಹಿಟ್ಟು ಮುಗಿದಿದೆ. ನಾಲ್ಕು ಗಂಟೆಗೆ ಬರುತ್ತದೆ. ಅಲ್ಲಿಯವರೆಗೆ ಇಡ್ಲಿ ಇದೆ." ಜನ ಅದನ್ನು ಓದಿ, ತಲೆಯಾಡಿಸಿ, ಮರುಮಾತಿಲ್ಲದೆ ಇಡ್ಲಿ ಕೇಳುತ್ತಿದ್ದರು. ಭಾವ ಆ ಸ್ಲೇಟಿನ ಮುಂದೆ ಗರ್ಭಗುಡಿಯ ಮುಂದೆ ನಿಂತ ಹಾಗೆ ನಿಂತು, ಸೌತ್ ಬೆಂಗಳೂರಿನಲ್ಲಿ ಇವನಷ್ಟು ಒಳ್ಳೆಯ ಪ್ರೋಗ್ರಾಮರ್ ಇಲ್ಲ ಎಂದು ಘೋಷಿಸಿದರು. ಕ್ಯಾಷಿಯರು ಚಿಲ್ಲರೆ ಕೊಡುತ್ತಾ, "ಸಾರ್, ನೀವು ದಿನಾ ಬಂದು ಕೇಳೋದಕ್ಕಿಂತ ಬರೆದಿಡೋದೇ ವಾಸಿ ಅನಿಸ್ತು" ಎಂದ.

ನನ್ನ ಅಂಗಡಿಗೂ ಬಂದು ಮಾನ ಕಳೆದರು. ಒಬ್ಬರು ಆಂಟಿ ಕುಕ್ಕರ್ ಎತ್ತಿಕೊಂಡು, ಇದು ಇಂಡಕ್ಷನ್ ಒಲೆಗೆ ಆಗುತ್ತದೆಯೇ ಎಂದು ಕೇಳಿದರು. ನಾನು ನನ್ನ ಪದ್ಧತಿಯಂತೆ ಕುಕ್ಕರಿನ ತಳ, ಗ್ಯಾಸ್ಕೆಟ್ಟಿನ ಆಯುಷ್ಯ, ಬೇಳೆ ಬೇಯಿಸುವ ಕ್ರಮ, ಗ್ಯಾಸ್ ಉಳಿತಾಯ ಎಲ್ಲವನ್ನೂ ವಿವರಿಸುತ್ತಿದ್ದೆ. ಸಲಹೆ ಕೊಡುವುದು ನನ್ನ ಹುಟ್ಟುಗುಣ, ಅದಕ್ಕೆ ನಾನು ಬೆಲೆ ಕಟ್ಟುವುದಿಲ್ಲ. ಹಿಂದಿನ ಸ್ಟೂಲಿನಿಂದ ಭಾವನ ದನಿ ಬಂತು.

"ಒಂದನೇ ಸಾಲಲ್ಲಿ ನಿಂತಿದೆ ಕಣಯ್ಯ. ಅವರಿಗೆ ಬೇಕಾಗಿದ್ದು ಹೌದು, ಇಲ್ಲ. ಸಿಕ್ಕಿದ್ದು ಭಾಷಣ."

ಆಂಟಿ ನಕ್ಕುಬಿಟ್ಟರು. ನಾನು ಸೋತು "ಆಗುತ್ತೆ" ಎಂದೆ. ಅವರು ಬೆಲೆಯನ್ನು ಎಳೆದಾಡದೆ ಕುಕ್ಕರ್ ಕೊಂಡು ಹೋದರು! ಚೌಕಾಸಿಯಲ್ಲಿ ತಲೆ ನರೆಸಿಕೊಂಡ ನನಗೆ ಅದು ಲಾಭವೋ ಅವಮಾನವೋ ಇವತ್ತಿಗೂ ತೀರ್ಮಾನವಾಗಿಲ್ಲ.

ಆದರೆ ಭಾವ ಅವತ್ತೇ ತೀರ್ಮಾನಿಸಿದರು. ಭಾನುವಾರದ ತಿಂಡಿಗೆ ಅವರ ಮನೆಗೆ ಹೋದಾಗ, ನನ್ನನ್ನು ಭಾಷೆಯ ಪರೀಕ್ಷಕನನ್ನಾಗಿ ನೇಮಿಸಿದರು. ಸಂಬಳ ತಟ್ಟೆ ಇಡ್ಲಿ. ಕೆಲಸ ಏನೆಂದರೆ ಅವರ ಕಂಪ್ಯೂಟರಿನ ಮುಂದೆ ಕುಳಿತು ಮನಸ್ಸಿಗೆ ಬಂದ ಹಾಗೆ ತಪ್ಪು ಮಾಡುವುದು, ಬಂದ ಮೆಸೇಜನ್ನು ಓದಿ ಅರ್ಥವಾಯಿತೋ ಇಲ್ಲವೋ ಹೇಳುವುದು. ಸುಲಭದ ಕೆಲಸ ಎಂದುಕೊಂಡಿದ್ದೆ. ಮೊದಲನೇ ದಿನ ಹತ್ತನ್ನು ಸೊನ್ನೆಯಿಂದ ಭಾಗಿಸು ಎಂದು ಅಂಕಿ ಹಾಕಿ ಬರೆದೆ. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಬಂತು: "ಮಾರಕ ದೋಷ! ಭಾಜಕವು ಶೂನ್ಯವಾಗಿರುವ ಪ್ರಯುಕ್ತ ಸದರಿ ಕ್ರಿಯೆಯು ಅಮಾನ್ಯವಾಗಿದ್ದು, ಕಾರ್ಯಕ್ರಮವು ವಿಫಲಗೊಂಡಿದೆ."

"ಭಾವ, ಇದು ಕೋರ್ಟಿಂದ ಬಂದ ಹಾಗಿದೆ. ಓದಿದೋನು ಲಾಯರ್ ಹುಡುಕ್ಕೊಂಡು ಹೋಗ್ತಾನೆ" ಎಂದೆ.

ಚೌಕಾಸಿ ಶುರುವಾಯಿತು. ಜೀವಮಾನದಲ್ಲಿ ನಾನು ಬೆಲೆ ಬಿಟ್ಟು ಬೇರೊಂದಕ್ಕೆ ಚೌಕಾಸಿ ಮಾಡಿದ್ದು ಅದೇ ಮೊದಲು. "ಮಾರಕ" ಬೇಡ, ಯಾರೂ ಸತ್ತಿಲ್ಲ. ತೆಗೆದರು. "ಸದರಿ" ಬೇಡ, ಅದನ್ನು ತಾಲ್ಲೂಕು ಕಚೇರಿಗೇ ಬಿಟ್ಟುಬಿಡಿ. ತೆಗೆದರು. "ವಿಫಲಗೊಂಡಿದೆ" ಎಂಬುದರ ಮೇಲೆ ಅರ್ಧ ಗಂಟೆ ಎಳೆದಾಡಿದೆವು. ಬಸ್ಸು ಸ್ಟಾಪಿನಲ್ಲಿ ನಿಂತರೆ ವಿಫಲವಾಯಿತು ಎನ್ನುತ್ತೇವೆಯೇ? ನಿಂತಿದೆ ಎನ್ನುತ್ತೇವೆ. ಆಮೇಲೆ ಹೊರಡುತ್ತದೆ. ಭಾವನಿಗೆ ಆ ಮಾತು ಬಹಳ ಹಿಡಿಸಿತು. ಕೊನೆಗೆ ಕುದುರಿದ್ದು ಇದು: "ಒಂದನೇ ಸಾಲಿನಲ್ಲಿ ನಿಂತಿದ್ದೇನೆ. ಹತ್ತನ್ನು ಹಂಚಲು ಹೇಳಿದಿರಿ. ಹಂಚಿಕೊಳ್ಳುವವರ ಸಂಖ್ಯೆ ಸೊನ್ನೆ ಇದೆ. ಒಬ್ಬರಾದರೂ ಇದ್ದರೆ ಮುಂದುವರಿಯುತ್ತೇನೆ." ತಪ್ಪಾದ ಸಾಲನ್ನು ಹಾಗೇ ತೋರಿಸಿ, ಸರಿಯಾಗಿ ಎಡವಿದ ಜಾಗದ ಕೆಳಗೆ ಒಂದು ಪುಟ್ಟ ಬಾಣ ಇಟ್ಟರು.

ಬಣ್ಣದ ಕಥೆ ಬೇರೆ. ಕೆಂಪು ನೋಡಿದರೆ ಗ್ಯಾಸ್ ಸೋರಿದಷ್ಟು ಗಾಬರಿಯಾಗುತ್ತದೆ ಎಂದೆ, ಹಸಿರು ಮಾಡಿದರು. ಹಸಿರು ನೋಡಿ ಎಲ್ಲ ಸರಿಯಾಯಿತೆಂದು ನಾನು ಎದ್ದು ಕೈ ತೊಳೆದುಕೊಂಡು ಬಂದೆ. ಕೊನೆಗೆ ಅರಿಶಿನದ ಬಣ್ಣಕ್ಕೆ ನಿಂತಿತು. ಶುಭವೂ ಹೌದು, ಎಚ್ಚರಿಕೆಯೂ ಹೌದು.

ಹೀಗೆ ಪ್ರತಿ ಭಾನುವಾರ ಭಾವ ನನಗೆ ಸೋಲುತ್ತಾ ಹೋದರು. ಒಂದೇ ಒಂದು ಕಡೆ ಬಿಟ್ಟು. ಪ್ರತಿ ಮೆಸೇಜಿನ ಕೊನೆಯಲ್ಲೂ ಅವರು ಒಂದು ಸಾಲು ಅಂಟಿಸಿದ್ದರು: "ನಿಮಗೆ ಇದು ಬರುತ್ತದೆ. ನಾನೇ ಸರಿಯಾಗಿ ಹೇಳಿರಲಿಲ್ಲ."

ಇದೆಂಥ ದಂಡದ ಸಾಲು? ಎಲ್ಲಿ ನಿಂತಿತು ಎಂದು ಹೇಳುವುದಿಲ್ಲ, ಏನು ಬೇಕು ಎಂದು ಹೇಳುವುದಿಲ್ಲ. ಅವರ ನಾಲ್ಕು ನೇಮಗಳಲ್ಲಿ ಯಾವುದಕ್ಕೂ ಸೇರದ್ದು! ತೆಗೆಯಿರಿ ಎಂದೆ. ಇಲ್ಲ ಎಂದರು. ಚಿಕ್ಕದು ಮಾಡಿ ಎಂದೆ. ಇಲ್ಲ. ಒಂದೆರಡು ಮೆಸೇಜಿನಲ್ಲಿ ಮಾತ್ರ ಇರಲಿ ಎಂದೆ. ಇಲ್ಲ. ನಾನು ಹೀಗೆ ಕಲ್ಲಾದಾಗ ಗಿರಾಕಿಗಳು ಏನು ಮಾಡುತ್ತಾರೆಂದರೆ, ಎದ್ದು ಹೊರಟವರ ಹಾಗೆ ನಟಿಸುತ್ತಾರೆ. ನಾನೂ ಹಾಗೇ ಗೇಟಿನ ತನಕ ಹೋದೆ. ಅವರು ಕರೆಯಲಿಲ್ಲ. ಇಡ್ಲಿಗಾಗಿ ನಾನೇ ವಾಪಸ್ ಬಂದೆ.

ಒಳಗೆ ಬಂದಾಗ ಅಕ್ಕ ಕೊತ್ತಂಬರಿ ಬಿಡಿಸುತ್ತಿದ್ದಳು. ಈ ಮನೆಯಲ್ಲಿ ಕಂಪ್ಯೂಟರ್ ಕೋಣೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಅವಳ ರಾಜ್ಯ. ಫೋನಿನಲ್ಲಿ ಅವಳನ್ನು ಮೀರಿಸುವವರಿಲ್ಲ. ತರಕಾರಿ ತರಿಸುತ್ತಾಳೆ, ಆಟೋ ಕರೆಸುತ್ತಾಳೆ, ವಸಂತಪುರದ ನಾದಿನಿಯ ಜೊತೆ ಮುಖ ನೋಡಿಕೊಂಡು ಜಗಳವಾಡುತ್ತಾಳೆ. ಆದರೆ ಕಂಪ್ಯೂಟರನ್ನು ಒರೆಸುತ್ತಾಳೆಯೇ ಹೊರತು ಅದರ ಮುಂದೆ ಕೂರುವುದಿಲ್ಲ. ಭಾವ ಸ್ನಾನಕ್ಕೆ ಹೋದಾಗ ಅದನ್ನು ಆರಿಸಬೇಕಾಗಿ ಬಂದರೆ, ದೂರ ನಿಂತು ಗೋಡೆಯ ಸ್ವಿಚ್ಚನ್ನೇ ತೆಗೆದುಬಿಡುತ್ತಾಳೆ.

ಯಾಕೆಂದು ನನಗೆ ಗೊತ್ತು. ಮದುವೆಯಾದ ಹೊಸತರಲ್ಲಿ ಭಾವ ಕಾರ್ಖಾನೆಯಿಂದ ಹಳೆಯ ಕಂಪ್ಯೂಟರೊಂದನ್ನು ಮನೆಗೆ ತಂದಿದ್ದರು. ಅಕ್ಕನಿಗೆ ಕಲಿಯುವ ಆಸೆ. ಒಂದು ದಿನ ತಾನೇ ಕುಳಿತು ಏನೋ ಒತ್ತಿದಳು. ಅದು ಕೀಂ ಎಂದು ಕೂಗಿ ಇಂಗ್ಲಿಷಿನಲ್ಲಿ ಏನೋ ಬೈದು ನಿಂತುಹೋಯಿತು. ಭಾವ ಮಾಡಿಟ್ಟಿದ್ದ ಕೆಲಸವೆಲ್ಲ ಹೋಯಿತು. ಅವರು ಸಿಟ್ಟಿನಲ್ಲಿ "ನಿಂಗಿದೆಲ್ಲ ಬರಲ್ಲ, ಬಿಡು" ಎಂದರು. ಅಕ್ಕ ಎದ್ದು ಹೋಗಿ ಉಪ್ಪಿಟ್ಟಿಗೆ ರವೆ ಹುರಿದಳು. ಅವತ್ತು ಎದ್ದವಳು ಮತ್ತೆ ಕೂತಿಲ್ಲ. ಹೀಗೇ ಯಾವತ್ತೋ ಸೊಪ್ಪು ಬಿಡಿಸುತ್ತಾ ಹೇಳಿದ್ದಳು, ದೂರಿನ ದನಿಯಲ್ಲಲ್ಲ, ಯಾರದೋ ಮನೆಯ ಸುದ್ದಿ ಹೇಳುವ ಹಾಗೆ.

ಭಾವನಿಗೂ ಅದು ಮರೆತಿಲ್ಲ ಎಂದು ನನಗೆ ತಿಳಿದದ್ದು ಅರೆಕೆರೆಯ ಒಬ್ಬ ಮೇಷ್ಟ್ರು ಬಂದು ಹೋದಾಗ. ತಮ್ಮ ಸ್ಕೂಲಿನ ಮಕ್ಕಳಿಗೆ ಈ ಭಾಷೆಯನ್ನು ಕೊಡಿ ಎಂದು ಅವರು ಕೇಳಿದರು. ನಾನಾಗಿದ್ದರೆ ಅಲ್ಲೇ ಪ್ಯಾಕ್ ಮಾಡಿ ಕೈಗಿಡುತ್ತಿದ್ದೆ. ಭಾವ ಮಾತ್ರ, ಇನ್ನೂ ಒಂದು ಪರೀಕ್ಷೆ ಬಾಕಿ ಇದೆ, ಆಮೇಲೆ ನೋಡೋಣ ಎಂದರು. ಹಾಗೆನ್ನುವಾಗ ಅವರ ಕಣ್ಣು ಅಡುಗೆಮನೆಯ ಕಡೆಗಿತ್ತು. ಅಕ್ಕ ಕೂತು ಒಂದು ಪ್ರೋಗ್ರಾಂ ಬರೆಯದ ಹೊರತು ಆ ಭಾಷೆ ಮನೆಯ ಗೇಟು ದಾಟುವುದಿಲ್ಲ!

ಇಂಥ ಕೆಲಸಕ್ಕೆ ನನ್ನಂಥವನಲ್ಲದೆ ಇನ್ಯಾರು? ನಾನು ವ್ಯಾಪಾರದ ಹಳೆಯ ಪಟ್ಟು ಹಾಕಿದೆ. ಒಂದು ಸಾಮಾನನ್ನು ಮಾರಲೇಬೇಕೆಂದಿದ್ದರೆ, ಇದು ನಿಮಗಲ್ಲ ಬಿಡಿ ಎನ್ನಬೇಕು. ಗಿರಾಕಿಯ ಸ್ವಾಭಿಮಾನ ಕೆರಳಿ ಅದೇ ಬೇಕು ಎನ್ನುತ್ತಾರೆ. ಕಾಫಿ ಕುಡಿಯುತ್ತಾ, ಒಳಗಿನ ಕೋಣೆಗೂ ಕೇಳುವ ಹಾಗೆ ಹೇಳಿದೆ:

"ನಿಂಗದು ಕಷ್ಟ ಬಿಡಕ್ಕಾ. ಬರಲ್ಲ."

ಅಕ್ಕ ಲೋಟ ಕೆಳಗಿಟ್ಟಳು. "ಈ ಮಾತು ಹಳೇದಾಯ್ತು ಕಣೋ. ಬೇರೆ ಏನಾದ್ರೂ ಇದ್ರೆ ಹೇಳು" ಎಂದಳು. ಕೋಣೆಯಲ್ಲಿ ಕೀಲಿಮಣೆಯ ಸದ್ದು ನಿಂತಿತು. ಆ ಭಾನುವಾರ ನನ್ನ ವ್ಯಾಪಾರವೂ ಅಲ್ಲೇ ನಿಂತಿತು. ಎಷ್ಟನೇ ಸಾಲು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ನನ್ನ ಉಪಾಯ ಮಾಡದ್ದನ್ನು ಅಕ್ಕನ ಮಂಡಿ ಮಾಡಿತು. ಅಕ್ಕ ಚುಕ್ಕಿ ರಂಗೋಲಿಯಲ್ಲಿ ಎತ್ತಿದ ಕೈ. "ಹದಿನೈದು ಚುಕ್ಕಿ, ಎಂಟಕ್ಕೆ ನಿಲ್ಲಿಸು, ಸಂದು ಚುಕ್ಕಿ" ಎಂದು ಮಂತ್ರದ ಹಾಗೆ ಹೇಳಿಕೊಂಡು, ಗೇಟಿನ ಮುಂದೆ ಇಟ್ಟರೆ ಹಾಲಿನವನು ಸ್ಕೂಟರನ್ನು ಸುತ್ತು ಬಳಸಿ ಒಯ್ಯುತ್ತಾನೆ. ಈಗ ಮಂಡಿ ಹಿಡಿದುಕೊಂಡಿದೆ, ನೆಲದ ಮೇಲೆ ಇಟ್ಟು ಅಳಿಸಿ ಮತ್ತೆ ಇಟ್ಟು ನೋಡಲು ಆಗುವುದಿಲ್ಲ. ಕ್ಯಾಲೆಂಡರಿನ ಹಿಂಬದಿಯಲ್ಲಿ ಹಾಕಿದರೆ ಚುಕ್ಕಿಗಳು ಸೊಟ್ಟಗಾಗುತ್ತವೆ. ಸಂಕ್ರಾಂತಿ ಹತ್ತಿರ ಬಂದಿತ್ತು. ಭಾವ ತಮ್ಮಷ್ಟಕ್ಕೆ ತಾವು ಭಾಷೆಗೆ, ಪರದೆಯ ಮೇಲೆ ನೇರವಾಗಿ ಚುಕ್ಕಿ ಇಡುವ "ಚುಕ್ಕಿ" ಎಂಬ ಹೊಸ ಪದವೊಂದನ್ನು ಸೇರಿಸಿ, ಅದರ ಬಗ್ಗೆ ಮನೆಯಲ್ಲಿ ಉಸಿರೆತ್ತದೆ, ನನ್ನೊಬ್ಬನಿಗೆ ತೋರಿಸಿದ್ದರು. ನಾನು ಅಕ್ಕನಿಗೆ ಹೇಳಿದ್ದೆ. ಸಲಹೆ ಕೊಡಲಿಲ್ಲ, ಬರೀ ಸುದ್ದಿ ಹೇಳಿದೆ. ನಾನೂ ಕಲಿಯುತ್ತೇನಲ್ಲವೇ?

ಮುಂದಿನ ಭಾನುವಾರ ಅಕ್ಕ ಕೋಣೆಯ ಬಾಗಿಲಿಗೆ ಬಂದು ನಿಂತಳು. ಮಂಡಿ ನೋವಿಗೆ ಆಗಿಬರುವ ಎತ್ತರದ ಕುರ್ಚಿ ಮನೆಯಲ್ಲಿ ಒಂದೇ, ಅದು ಕಂಪ್ಯೂಟರಿನದು.

"ಸ್ವಲ್ಪ ಏಳ್ರೀ. ಕಾಲು ನೋಯ್ತಿದೆ, ಕೂರಬೇಕು" ಎಂದಳು.

ಭಾವ ಎಷ್ಟು ಬೇಗ ಎದ್ದರೆಂದರೆ ಕುರ್ಚಿ ಗಿರಕಿ ಹೊಡೆಯಿತು. ಅಕ್ಕ ಕುಳಿತಳು. ಪರದೆ ತೆರೆದೇ ಇತ್ತು. ಭಾವ ಕಿಟಕಿಯ ಹತ್ತಿರ ಹೋಗಿ, ಎದುರು ಮನೆಯ ನೀರಿನ ಟ್ಯಾಂಕನ್ನು ಜೀವಮಾನದಲ್ಲೇ ಮೊದಲ ಸಲ ನೋಡುವವರ ಹಾಗೆ ನೋಡುತ್ತಾ ನಿಂತರು. ನನಗೆ ಬಾಯಿ ತುರಿಸುತ್ತಿತ್ತು. ಇಲ್ಲಿ ಒತ್ತು, ಅಲ್ಲಿ ಒತ್ತು ಎನ್ನಲು ಹೊರಟ ನಾಲಿಗೆಗೆ ಇಡೀ ಇಡ್ಲಿಯೊಂದನ್ನು ತುರುಕಿದೆ.

ಅಕ್ಕ ಒಂದೇ ಬೆರಳಿನಲ್ಲಿ, ಫೋನಿನಲ್ಲಿ ಒತ್ತಿ ಅಭ್ಯಾಸವಾದ ಹಾಗೆ, ಅಕ್ಷರ ಹುಡುಕಿ ಹುಡುಕಿ ಬರೆದಳು. "ಚುಕ್ಕಿ ಹದಿನೈದು." ಒತ್ತಿದಳು. ಅರಿಶಿನದ ಬಣ್ಣದಲ್ಲಿ ಉತ್ತರ ಬಂತು. ಅಕ್ಕನ ಕೈ ಮಡಿಲಿಗೆ ಹೋಯಿತು. ಕಿಟಕಿಯ ಸರಳನ್ನು ಭಾವ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಈಗ ಎದ್ದರೆ ಇನ್ನು ಈ ಜನ್ಮದಲ್ಲಿ ಕೂರುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಅಕ್ಕ ಏಳಲಿಲ್ಲ. ಕನ್ನಡಕ ಏರಿಸಿಕೊಂಡು, ಬೆರಳನ್ನು ಬಾಣದ ಮೇಲಿಟ್ಟು, ಗಟ್ಟಿಯಾಗಿ ಓದತೊಡಗಿದಳು.

"ಒಂದನೇ ಸಾಲಿನಲ್ಲಿ ನಿಂತಿದ್ದೇನೆ. ಇಲ್ಲಿ ನನಗೆ ಅಂಕಿ ಬೇಕಿತ್ತು, ಅಕ್ಷರಗಳು ಬಂದಿವೆ. 15 ಎಂದು ಬರೆದರೆ ಮುಂದುವರಿಯುತ್ತೇನೆ." ಉಸಿರು ತೆಗೆದುಕೊಂಡಳು. "ನಿಮಗೆ ಇದು ಬರುತ್ತದೆ. ನಾನೇ ಸರಿಯಾಗಿ..."

ಅಲ್ಲಿಗೆ ನಿಂತಳು. ಉಳಿದದ್ದನ್ನು ಮನಸ್ಸಿನಲ್ಲೇ ಓದಿಕೊಂಡಳು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ದಿನಾ ಅವಳನ್ನು ಗೇಟಿನಲ್ಲಿ ನಿಲ್ಲಿಸಿಕೊಳ್ಳುವ ಅಕ್ಕ ತಲೆ ಎತ್ತಲಿಲ್ಲ.

"ಈ ಕೊನೇ ಸಾಲು ಕಂಪ್ಯೂಟರ್‌ದಾ, ನಿಮ್ದಾ?"

ಭಾವ ಟ್ಯಾಂಕಿನಿಂದ ಕಣ್ಣು ತೆಗೆಯದೆ, "ನಂದೇ" ಎಂದರು.

"ಬಾಯಲ್ಲೇ ಹೇಳಬಹುದಿತ್ತಲ್ಲ."

"ಎಷ್ಟೋ ಸಲ ಹೊರಟೆ ಕಣೆ. ಪ್ರತಿ ಸಲ ಮೊದಲ್ನೇ ಸಾಲಲ್ಲೇ ನಿಂತುಬಿಡ್ತಿದ್ದೆ."

ಎಲ್ಲಿ ನಿಂತಿತು, ಏನು ಬೇಕಿತ್ತು ಎಂದು ಊರಿನವರನ್ನೆಲ್ಲ ಕೇಳುತ್ತಾ ತಿರುಗಿದ ಮನುಷ್ಯ! ನಾನು ತಟ್ಟೆ ಎತ್ತಿಕೊಂಡು ಮೆಲ್ಲಗೆ ಹೊರಗೆ ಹೋಗಬೇಕಿತ್ತು. ಹೋಗಲಿಲ್ಲ. ಒಳ್ಳೆಯ ವ್ಯಾಪಾರ ಕುದುರುವಾಗ ಯಾರು ಎದ್ದು ಹೋಗುತ್ತಾರೆ?

ಅಕ್ಕ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಹದಿನೈದನ್ನು ಅಳಿಸಿ ಅಂಕಿಯಲ್ಲಿ ಬರೆದು ಒತ್ತಿದಳು. ಪರದೆಯ ಮೇಲೆ ಚುಕ್ಕಿಗಳು ಒಂದರ ಪಕ್ಕ ಒಂದು ಮೂಡಿದವು, ಅವಳು ಗೇಟಿನ ಮುಂದೆ ಇಡುತ್ತಿದ್ದಷ್ಟೇ ನೇರ. ಭಾವ ಕಿಟಕಿ ಬಿಟ್ಟು ಬಂದು ಅವಳ ಹಿಂದೆ ನಿಂತರು. ಮುಂದಿನ ಸಾಲು ಹೇಗೆ ಎಂದು ಹೇಳಲು ಅವರ ಬಾಯಿ ತೆರೆಯಿತು, ಮುಚ್ಚಿತು. ಅಕ್ಕ ಕೇಳುವ ತನಕ ಕಾದರು. ಅಕ್ಕ ಕೇಳಲಿಲ್ಲ. ಬಂದ ಚುಕ್ಕಿಗಳನ್ನು ಒಂದು ಕ್ಷಣ ನೋಡಿ, ಮೇಲಿನ ಸಾಲಿಗೇ ಹೋಗಿ, ಸರಿಯಾಗಿದ್ದ 15ನ್ನು ಅಳಿಸಿ, ಮತ್ತೆ ಅಕ್ಷರದಲ್ಲಿ "ಹದಿನೈದು" ಎಂದು ಬರೆದು ಒತ್ತಿದಳು. ಚುಕ್ಕಿಗಳೆಲ್ಲ ಮಾಯವಾಗಿ ಅರಿಶಿನದ ಅಕ್ಷರಗಳು ಮತ್ತೆ ಬಂದವು.

ನನಗೆ ತಡೆಯಲಾಗಲಿಲ್ಲ. ಇಡ್ಲಿ ನುಂಗಿ, "ಅಕ್ಕಾ, ಮತ್ತೆ ಅದೇ ತಪ್ಪು ಮಾಡಿದೆಯಲ್ಲ" ಎಂದೆ.

"ಸುಮ್ನಿರೋ" ಎಂದಳು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ. "ಕೊನೇ ಸಾಲು ಓದ್ತಾ ಇದೀನಿ."